ನಾಯಿಯ ಸೊಂಟಕ್ಕೆ ಆಕರಕೋಶ, ತಮ್ಮನ ಮಿದುಳಿಗೆ ಬೈಪಾಸ್: ಎರಡನ್ನೂ ಒಂದೇ ಅಳತೆಗೋಲಿನಿಂದ ನೋಡಬಹುದೇ?

ಮುಲುಂಡ್ ನಿವೃತ್ತ · ಶನಿವಾರ, ಬೆಳಿಗ್ಗೆ 7.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 11 ವರ್ಷದ ಕಪ್ಪು ಲ್ಯಾಬ್ರಡಾರ್ ಇದ್ದಾನೆ, ಹೆಸರು ಕರಿಯ. ಕಳೆದ ಮಳೆಗಾಲದಿಂದ ಅವನ ಹಿಂಗಾಲುಗಳು ಸೋತಿವೆ. ಬೆಳಿಗ್ಗೆ ಏಳುವಾಗ ಮುಂಗಾಲುಗಳನ್ನು ಊರಿ ಎದೆಯನ್ನು ಮೇಲೆತ್ತುತ್ತಾನೆ, ಆದರೆ ಸೊಂಟ ನೆಲ ಬಿಡುವುದಿಲ್ಲ. ಟೈಲ್ಸಿನ ಮೇಲೆ ಉಗುರುಗಳು ಕೆರೆಯುವ ಸದ್ದು ಕೇಳಿದೊಡನೆ ನಾನೋ ನನ್ನ ಹೆಂಡತಿಯೋ ಓಡಿಹೋಗಿ, ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ನಿಲ್ಲಿಸುತ್ತೇವೆ. ಎಕ್ಸ್‌-ರೇಯಲ್ಲಿ ಸೊಂಟದ ಎರಡೂ ಕೀಲುಗಳು ಸವೆದಿರುವುದು ಕಾಣುತ್ತದೆ. ತೂಕ 38 ಕಿಲೋ.

ಕಳೆದ ವಾರ ಹೋಗಿದ್ದ ಒಂದು ಚಿಕಿತ್ಸಾಲಯದಲ್ಲಿ ಸ್ಟೆಮ್ ಸೆಲ್, ಅಂದರೆ ಆಕರಕೋಶದ ಚಿಕಿತ್ಸೆ ಮಾಡಿಸಿ ಎಂದರು. ಮೂರು ಚುಚ್ಚುಮದ್ದಿಗೆ ಒಂದೂಕಾಲು ಲಕ್ಷ ರೂಪಾಯಿ. ನಾನು ಅದರ ಬಗ್ಗೆ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಮುಂಗಡ ಹಣದ ರಸೀದಿ ಪುಸ್ತಕ ಮೇಜಿನ ಮೇಲೆ ಬಂದಿತ್ತು. ಕೈಗೆ ಕೊಟ್ಟ ಕರಪತ್ರದಲ್ಲಿ ಕೀಲುನೋವು, ಮೂತ್ರಪಿಂಡದ ತೊಂದರೆ, ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು ಎಲ್ಲಕ್ಕೂ ಇದೊಂದೇ ಮದ್ದು ಎಂದು ಬರೆದಿತ್ತು.

ಪಾರ್ಶ್ವವಾಯು ಎಂಬ ಪದವನ್ನು ಓದಿ ನಾನು ಅಲ್ಲಿಯೇ ನಿಂತೆ. ಡೊಂಬಿವಲಿಯಲ್ಲಿರುವ ನನ್ನ ತಮ್ಮನಿಗೆ 47 ವರ್ಷ. ಎರಡು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದುತ್ತಿದ್ದಾಗ ಅವನ ಎಡಗೈ ಹತ್ತು ನಿಮಿಷ ಸತ್ತಂತಾಯಿತು. ಪರೀಕ್ಷೆ ಮಾಡಿದಾಗ ಮಿದುಳಿನ ರಕ್ತನಾಳ ಕಿರಿದಾಗುತ್ತ ಹೋಗುವ ಮೊಯಾಮೊಯಾ ಎಂಬ ರೋಗವೆಂದು ತಿಳಿಯಿತು. ತಲೆಬುರುಡೆಯನ್ನು ತೆರೆದು, ನೆತ್ತಿಯ ಚರ್ಮದ ರಕ್ತನಾಳವೊಂದನ್ನು ಮಿದುಳಿನ ಒಂದು ಬದಿಯ ರಕ್ತನಾಳಕ್ಕೆ ಜೋಡಿಸಿ ಬೈಪಾಸ್ ಮಾಡಿದರು. ಈಗ ಚೆನ್ನಾಗಿದ್ದಾನೆ. ಕರಪತ್ರವನ್ನು ನೋಡಿದಾಗಿನಿಂದ ಅವನ ಹೆಂಡತಿ, ಇನ್ನೊಂದು ಬದಿಗೆ ಆಪರೇಷನ್ ಬದಲು ಈ ಕೋಶಗಳನ್ನೇ ಕೊಡಿಸಬಹುದಲ್ಲವೇ ಎಂದು ಕೇಳುತ್ತಿದ್ದಾಳೆ. ನಾಯಿಯ ವಿಷಯದಲ್ಲಿಯೂ ತಮ್ಮನ ವಿಷಯದಲ್ಲಿಯೂ ನಾನು ಏನನ್ನು ನಂಬಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಮಡಗಾಂವ್ ಪಶುವೈದ್ಯ · ಶನಿವಾರ, ಬೆಳಿಗ್ಗೆ 9.15

ಮುಲುಂಡ್‌ನವರೇ, ಹಣ ಕಟ್ಟುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಾನು ಪರೇಲ್‌ನ ಪಶುವೈದ್ಯ ಕಾಲೇಜಿನಲ್ಲಿ ಓದಿದವನು, ಈಗ ಗೋವೆಯಲ್ಲಿ ಚಿಕ್ಕ ಪ್ರಾಣಿಗಳ ಚಿಕಿತ್ಸೆ ಮಾಡುತ್ತೇನೆ. ತಮ್ಮನವರ ವಿಷಯವನ್ನು ಮನುಷ್ಯರ ವೈದ್ಯಕೀಯ ಬಲ್ಲವರಿಗೆ ಬಿಟ್ಟು, ಕರಿಯನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ನಾಯಿಗಳಿಗೆ ಕೊಡುವ ಕೋಶಗಳನ್ನು ಸಾಮಾನ್ಯವಾಗಿ ಕೊಬ್ಬಿನಿಂದ ಅಥವಾ ಮೂಳೆಯ ಮಜ್ಜೆಯಿಂದ ತೆಗೆಯುತ್ತಾರೆ. ಇವು ಗರ್ಭದ ಆರಂಭದ ಆಕರಕೋಶಗಳಂತೆ ದೇಹದ ಯಾವ ಭಾಗವಾಗಿ ಬೇಕಾದರೂ ಬೆಳೆಯುವಂಥವಲ್ಲ. ಹೋದ ಕೀಲಿನಲ್ಲಿ ಹೊಸ ಮೃದ್ವಸ್ಥಿಯಾಗಿ ಬೆಳೆಯುತ್ತವೆ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಈ ಕೋಶಗಳಿಗೆ 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ, ಅವು ಹೊಸ ಅಂಗಾಂಶವಾಗುವುದಕ್ಕಿಂತ ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂಕೇತ ಕಳಿಸುವುದೇ ಹೆಚ್ಚು, ಆದ್ದರಿಂದ ಹೆಸರನ್ನು ಬದಲಿಸಬೇಕು ಎಂದು 2017ರಲ್ಲಿ ಬರೆದರು. ಅಂದರೆ ಇವುಗಳಿಂದ ನಿರೀಕ್ಷಿಸಬಹುದಾದದ್ದು ಉರಿಯೂತ ಮತ್ತು ನೋವಿನ ಇಳಿತ. ಸವೆದ ಕೀಲು ಹೊಸದಾಗುವುದಿಲ್ಲ.

ಇದರಲ್ಲಿ ತಿರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಐರೋಪ್ಯ ಒಕ್ಕೂಟವು 2019ರಲ್ಲಿ ಕುದುರೆಗಳ ಕುಂಟುವಿಕೆಗೆ ಆಕರಕೋಶದ ಔಷಧವನ್ನು ಮೊದಲ ಬಾರಿಗೆ ಅಂಗೀಕರಿಸಿತು, 2022ರಲ್ಲಿ ನಾಯಿಗಳ ಕೀಲು ಸವೆತಕ್ಕೂ ಒಂದನ್ನು ಅಂಗೀಕರಿಸಿತು. ನಾಯಿಗೆ ಕೊಡುವ ಆ ಔಷಧದ ಕೋಶಗಳು ಬರುವುದು ಕುದುರೆಯ ಹೊಕ್ಕುಳಬಳ್ಳಿಯಿಂದ. ಆದರೆ ಆ ಅಂಗೀಕಾರವು ಒಂದು ನಿರ್ದಿಷ್ಟ ಔಷಧಕ್ಕೆ, ಒಂದು ನಿರ್ದಿಷ್ಟ ತಯಾರಿಕೆಯ ಕ್ರಮಕ್ಕೆ ಸಿಕ್ಕಿದ್ದು. ಪಕ್ಕದ ಬೀದಿಯಲ್ಲಿ ಬೇರೊಂದು ರೀತಿಯಲ್ಲಿ ತಯಾರಾದ ಕೋಶಗಳಿಗೆ ಅದು ಸಾಕ್ಷಿಯಾಗುವುದಿಲ್ಲ.

ಪುಣೆ ಔಂಧ್, ಸೆಲ್ ಕಲ್ಚರ್ · ಶನಿವಾರ, ಮಧ್ಯಾಹ್ನ 12.05

ಡಾಕ್ಟರರ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ನನ್ನ ದಿನನಿತ್ಯದ ಕೆಲಸ. ನಮ್ಮ ಪುಣೆಗೆ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ. ವಿಶ್ವವಿದ್ಯಾಲಯದ ಗಣೇಶಖಿಂಡ್ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವು ಮೊದಲು ಪ್ರಾಣಿಗಳ ಅಂಗಾಂಶ ಮತ್ತು ಕೋಶಗಳನ್ನು ಬೆಳೆಸಿ ದೇಶದ ಪ್ರಯೋಗಾಲಯಗಳಿಗೆ ಒದಗಿಸುವ ಸೌಲಭ್ಯವಾಗಿಯೇ ಆರಂಭವಾಯಿತು. ನಾನು ಕೆಲಸ ಮಾಡುವುದು ಬೇರೆ ಕಡೆ, ಚಿಕ್ಕ ಪ್ರಯೋಗಾಲಯದಲ್ಲಿ.

ಕೊಬ್ಬಿನ ಒಂದು ತುಣುಕು ಬಂದರೆ ಅದನ್ನು ತೊಳೆದು, ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಕೊಲ್ಯಾಜಿನೇಸ್ ಎಂಬ ಕಿಣ್ವದಲ್ಲಿ ಕರಗಿಸುತ್ತೇವೆ. ಬಳಿಕ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಕೊಬ್ಬು ಎಣ್ಣೆಯಂತೆ ಮೇಲೆ ತೇಲುತ್ತದೆ, ನಮಗೆ ಬೇಕಾದ ಕೋಶಗಳು ಕೊಳವೆಯ ತಳದಲ್ಲಿ ಚಿಕ್ಕ ಗುಂಡಿಯಂತೆ ಕೂರುತ್ತವೆ. ಅವನ್ನು ಪ್ಲಾಸ್ಟಿಕ್ ಫ್ಲಾಸ್ಕಿಗೆ ಹಾಕಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಎರಡು ಮೂರು ದಿನಗಳಲ್ಲಿ ಕೆಲವು ಕೋಶಗಳು ಫ್ಲಾಸ್ಕಿನ ತಳಕ್ಕೆ ಅಂಟಿ, ಸೂಕ್ಷ್ಮದರ್ಶಕದಲ್ಲಿ ಮೀನಿನ ಹಿಂಡಿನಂತೆ ಒಂದೇ ದಿಕ್ಕಿಗೆ ಚಾಚಿಕೊಂಡು ಕಾಣುತ್ತವೆ. ಸಾಕಷ್ಟು ಸಂಖ್ಯೆ ಬರಲು ವಾರಗಳೇ ಬೇಕು. ಈ ಹಾದಿಯಲ್ಲಿ ಎಲ್ಲಿಯಾದರೂ ಬ್ಯಾಕ್ಟೀರಿಯಾ ಸೇರಬಹುದು, ಅತಿಯಾಗಿ ಬೆಳೆಸಿದ ಕೋಶಗಳು ಮುಪ್ಪಾಗಬಹುದು, ಶೈತ್ಯದಿಂದ ತೆಗೆದು ಕರಗಿಸುವಾಗ ಅರ್ಧದಷ್ಟು ಸಾಯಲೂಬಹುದು. ಸತ್ತ ಕೋಶಗಳ ನೀರೂ ಜೀವಂತ ಕೋಶಗಳ ನೀರೂ ಸಿರಿಂಜಿನಲ್ಲಿ ಒಂದೇ ತೆರನಾಗಿ ಕಾಣುತ್ತವೆ.

ಆದ್ದರಿಂದ ಮುಲುಂಡ್‌ನ ಹಿರಿಯರೇ, ಮತ್ತೆ ಅಲ್ಲಿಗೆ ಹೋದರೆ ಆ ಕೋಶಗಳು ಕರಿಯನವೇ ಅಥವಾ ಬೇರೆ ನಾಯಿಯವೇ, ಯಾವ ಪ್ರಯೋಗಾಲಯದಲ್ಲಿ ಬೆಳೆಸಿದವು, ಚುಚ್ಚುವ ದಿನ ಎಷ್ಟು ಕೋಶಗಳು ಜೀವಂತ ಇರುತ್ತವೆ, ಸೋಂಕಿನ ಪರೀಕ್ಷೆಯ ವರದಿ ಎಲ್ಲಿದೆ ಎಂದು ಕೇಳಿ. ಬರವಣಿಗೆಯಲ್ಲಿ ಉತ್ತರ ಬಾರದಿದ್ದರೆ ರಸೀದಿಗೆ ಸಹಿ ಹಾಕಬೇಡಿ.

ವಾಸ್ಕೋ ಶಿಕ್ಷಕಿ · ಶನಿವಾರ, ಸಂಜೆ 6.30

ಇಷ್ಟೊಂದು ಸಂಶಯ ಬೇಕೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಜರ್ಮನ್ ಶೆಫರ್ಡ್ ರಾಣಿಗೆ ಒಂಬತ್ತು ವರ್ಷವಾಗಿದ್ದಾಗ ಇದೇ ಚಿಕಿತ್ಸೆ ಮಾಡಿಸಿದೆವು. ಅದಕ್ಕೆ ಮೊದಲು ಅವಳು ನನ್ನ ಸ್ಕೂಟರಿನ ಕಾಲಿಡುವ ಜಾಗಕ್ಕೆ ಮುಂಗಾಲಿಟ್ಟು, ಹಿಂಗಾಲು ಎತ್ತಲಾರದೆ, ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದಳು. ಎರಡನೆಯ ಚುಚ್ಚುಮದ್ದಾಗಿ ಮೂರು ವಾರಕ್ಕೆ ತಾನೇ ಹತ್ತಿ ಕುಳಿತಳು. ಅಂದು ನಾನು ರಸ್ತೆಯಲ್ಲಿಯೇ ಅತ್ತೆ. ಪುಸ್ತಕದಲ್ಲಿ ಏನು ಬರೆದಿದೆಯೋ ನಾನು ತಿಳಿಯೆ, ನಾನು ಕಂಡದ್ದನ್ನು ಇಲ್ಲವೆನ್ನಲಾರೆ. ರಾಣಿ ಇನ್ನೂ ಎರಡು ವರ್ಷ ನಮ್ಮೊಡನೆ ಇದ್ದಳು.

ಮಡಗಾಂವ್ ಪಶುವೈದ್ಯ · ಶನಿವಾರ, ರಾತ್ರಿ 9.50

ಮೇಡಂ, ರಾಣಿ ಹತ್ತಿದಳು ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಆದರೆ ಹತ್ತಿದ್ದು ಯಾವುದರಿಂದ ಎಂಬುದು ಬೇರೆ ಪ್ರಶ್ನೆ, ಮತ್ತು ಅದಕ್ಕೆ ಒಂದು ನಾಯಿಯನ್ನು ನೋಡಿ ಉತ್ತರಿಸಲು ನನ್ನಿಂದಲೂ ಆಗುವುದಿಲ್ಲ.

ಕೀಲು ಸವೆತ ಏರಿಳಿಯುವ ರೋಗ. ಒಂದು ತಿಂಗಳು ತೀರಾ ಕೆಟ್ಟದಾಗಿ, ಮುಂದಿನ ತಿಂಗಳು ತಾನಾಗಿಯೇ ಸ್ವಲ್ಪ ಹಗುರವಾಗುತ್ತದೆ. ನಾವು ದುಬಾರಿ ಚಿಕಿತ್ಸೆಗೆ ಓಡುವುದು ಅದು ತೀರಾ ಕೆಟ್ಟಿದ್ದಾಗಲೇ. ಆದ್ದರಿಂದ ನಂತರ ಬರುವ ಹಗುರವೆಲ್ಲ ಚಿಕಿತ್ಸೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಇದರ ಜೊತೆಗೆ ನಮ್ಮ ಪ್ರೀತಿಯ ಕಣ್ಣೂ ಇದೆ. ಕೀಲು ಸವೆತದಿಂದ ಕುಂಟುವ ನಾಯಿಗಳಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು, ನಡೆಯುವಾಗ ಕಾಲಿನ ಮೇಲೆ ಬೀಳುವ ಭಾರವನ್ನು ಯಂತ್ರದಿಂದ ಅಳೆದು, ಮನೆಯವರ ಮತ್ತು ವೈದ್ಯರ ಅಭಿಪ್ರಾಯಗಳೊಡನೆ ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಯಂತ್ರದಲ್ಲಿ ಯಾವ ವ್ಯತ್ಯಾಸವೂ ಕಾಣದ ಎಷ್ಟೋ ನಾಯಿಗಳಲ್ಲಿ ಮನೆಯವರಿಗೆ ಸುಧಾರಣೆ ಕಂಡಿತ್ತು. ಪಶುವೈದ್ಯರಿಗೂ ಕಂಡಿತ್ತು ಎಂಬುದನ್ನು ನಾನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ನಾನೂ ಹಾಗೆ ಮೋಸಹೋಗಿದ್ದೇನೆ.

ಕರಪತ್ರದಲ್ಲಿದ್ದ ಪಾರ್ಶ್ವವಾಯುವಿನ ಮಾತಿಗೂ ಇದೇ ಸೇರುತ್ತದೆ. ಮುದಿ ನಾಯಿಯೊಂದು ಬೆಳಿಗ್ಗೆ ಏಳುತ್ತಲೇ ತಲೆ ಒಂದು ಕಡೆಗೆ ವಾಲಿಸಿ, ಕಣ್ಣುಗುಡ್ಡೆ ಅತ್ತಿತ್ತ ಹೊಡೆದುಕೊಳ್ಳುತ್ತ, ನಿಂತಲ್ಲಿಯೇ ಉರುಳಿದರೆ ಮನೆಯವರು ಲಕ್ವ ಹೊಡೆಯಿತೆಂದು ಅಳುತ್ತ ಬರುತ್ತಾರೆ. ಬಹುಪಾಲು ಇದು ಮಿದುಳಿನ ರಕ್ತನಾಳದ ತೊಂದರೆಯೇ ಆಗಿರುವುದಿಲ್ಲ, ಒಳಕಿವಿಯ ಸಮತೋಲನದ ವ್ಯವಸ್ಥೆ ಮುದಿತನದಲ್ಲಿ ಇದ್ದಕ್ಕಿದ್ದಂತೆ ಕೆಡುವುದು. ಕೆಲವೇ ದಿನಗಳಲ್ಲಿ ಸುಧಾರಿಸತೊಡಗಿ ಎರಡು ಮೂರು ವಾರಗಳಲ್ಲಿ ಹೆಚ್ಚಿನವು ತಾವೇ ಎದ್ದು ಓಡಾಡುತ್ತವೆ. ಮೂರನೆಯ ದಿನ ಯಾರಾದರೂ ಆಕರಕೋಶವನ್ನು ಚುಚ್ಚಿದರೆ, ಕೀರ್ತಿ ಯಾರಿಗೆ ಹೋಗುತ್ತದೆ ಹೇಳಿ. ನಿಜವಾದ ಮಿದುಳಿನ ಪಾರ್ಶ್ವವಾಯು ನಾಯಿಗಳಲ್ಲಿಯೂ ಇದೆ, ಅದನ್ನು ಖಚಿತಪಡಿಸಲು ಎಂ.ಆರ್.ಐ. ಬೇಕು. ಎಂ.ಆರ್.ಐ. ಮಾಡಿಸದೆ ಪಾರ್ಶ್ವವಾಯು ಗುಣಪಡಿಸಿದೆವು ಎನ್ನುವವರ ಮಾತನ್ನು ನಾನು ತೆಗೆದುಕೊಳ್ಳುವುದಿಲ್ಲ.

ಪರೇಲ್ ಓಟಿ · ಭಾನುವಾರ, ಬೆಳಿಗ್ಗೆ 8.20

ನಾನು ವೈದ್ಯನಲ್ಲ. ಇಪ್ಪತ್ತೆರಡು ವರ್ಷ ನರಶಸ್ತ್ರಚಿಕಿತ್ಸೆಯ ಆಪರೇಷನ್ ಥಿಯೇಟರಿನಲ್ಲಿ ತಂತ್ರಜ್ಞನಾಗಿ ದುಡಿದಿದ್ದೇನೆ, ಊರು ಕುಂದಾಪುರ. ನಿಮ್ಮ ತಮ್ಮನವರಿಗೆ ಮಾಡಿದಂಥ ಆಪರೇಷನ್ನುಗಳಲ್ಲಿ ಸೂಕ್ಷ್ಮದರ್ಶಕವನ್ನು ಸಿದ್ಧಮಾಡಿ ಕೊಟ್ಟಿದ್ದೇನೆ.

ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ನಾಳವೊಂದಿದೆ. ಅದನ್ನು ನೆತ್ತಿಯ ಚರ್ಮದಿಂದ ಬಿಡಿಸಿಕೊಂಡು, ಬುರುಡೆಯ ಕಿಟಕಿಯ ಮೂಲಕ ಒಳಗೆ ಇಳಿಸಿ, ಮಿದುಳಿನ ಮೇಲ್ಮೈಯ ನಾಳವೊಂದರ ಪಕ್ಕಕ್ಕೆ ಹೊಲಿಯುತ್ತಾರೆ. ಎರಡೂ ಸುಮಾರು ಒಂದು ಮಿಲಿಮೀಟರ್ ದಪ್ಪದವು. ದಾರ ತಲೆಗೂದಲಿಗಿಂತ ತೆಳು, ಬರಿಗಣ್ಣಿಗೆ ಅದು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹೊಲಿಯುವಷ್ಟು ಹೊತ್ತು ಮಿದುಳಿನ ನಾಳಕ್ಕೆ ಎರಡೂ ಕಡೆ ಚಿಕ್ಕ ಕ್ಲಿಪ್ ಹಾಕಿರುತ್ತಾರೆ, ಆ ಅರ್ಧ ಗಂಟೆ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಕ್ಲಿಪ್ ತೆಗೆದಾಗ ಬಿಳಿಚಿದ್ದ ನಾಳ ಕೆಂಪಾಗಿ ಮಿಡಿಯುತ್ತದೆ. ಈ ಕೈಚಳಕ ಕಲಿಯಲು ನಮ್ಮ ಕಿರಿಯ ಡಾಕ್ಟರರು ಬೆಳಿಗ್ಗೆ ಪೇಟೆಯಿಂದ ಕೋಳಿಯ ರೆಕ್ಕೆ ತರಿಸಿ, ಅದರೊಳಗಿನ ರಕ್ತನಾಳವನ್ನು ಬಿಡಿಸಿ ಹೊಲಿಯುತ್ತಿದ್ದರು, ಏಕೆಂದರೆ ಅದೂ ಸುಮಾರು ಅಷ್ಟೇ ದಪ್ಪ.

ಕೋಳಿಯ ರೆಕ್ಕೆಗೆ ಮುಂಚೆ ನಾಯಿಗಳಿದ್ದವು. ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಹೊಲಿಯುವುದನ್ನು 1960ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಜೇಕಬ್ಸನ್ ತೋರಿಸಿಕೊಟ್ಟರು. ಅದೇ ರಾಜ್ಯದ ಡೊನಾಗಿ ಅವರ ಪ್ರಯೋಗಾಲಯಕ್ಕೆ 1965ರಲ್ಲಿ ಬಂದ ತುರ್ಕಿ ಮೂಲದ ಯಾಶರ್ಗಿಲ್, ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತು, ನಾಯಿಗಳ ಮಿದುಳಿನ ರಕ್ತನಾಳಗಳ ಮೇಲೆ ಈ ಜೋಡಣೆಯನ್ನು ಅಭ್ಯಾಸ ಮಾಡಿದರು. ಬಳಿಕ 1967ರ ಅಕ್ಟೋಬರ್ 30ರಂದು ಜೂರಿಕ್‌ನಲ್ಲಿ ಮನುಷ್ಯನಿಗೆ ಮೊದಲ ಬಾರಿಗೆ ಇದನ್ನು ಮಾಡಿದರು. ನಾಯಿಯ ಚಿಕಿತ್ಸೆಯ ಮಾತು ಬಂದದ್ದರಿಂದ ಇದನ್ನು ಹೇಳಬೇಕೆನ್ನಿಸಿತು. ನಿಮ್ಮ ತಮ್ಮನವರ ತಲೆಯಲ್ಲಿ ಮಿಡಿಯುತ್ತಿರುವ ಆ ಹೊಲಿಗೆಯ ವಿದ್ಯೆಗೆ ಹೆಸರಿಲ್ಲದ ನಾಯಿಗಳು ಜೀವ ಕೊಟ್ಟಿವೆ.

ಇದರ ನಂತರದ ಕಥೆಯನ್ನು ಕೇಳಿ. ಆಪರೇಷನ್ ಸೊಗಸಾಗಿತ್ತು, ಹೊಲಿದ ನಾಳಗಳಲ್ಲಿ ರಕ್ತ ಹರಿಯುತ್ತಿತ್ತು. ಕತ್ತಿನ ನಾಳ ಮುಚ್ಚಿ ಪಾರ್ಶ್ವವಾಯುವಿನ ಭಯವಿದ್ದ ಸಾವಿರಾರು ರೋಗಿಗಳಿಗೆ ಜಗತ್ತಿನೆಲ್ಲೆಡೆ ಇದನ್ನು ಮಾಡತೊಡಗಿದರು, ಪ್ರತಿಯೊಬ್ಬ ಸರ್ಜನರಿಗೂ ತಮ್ಮ ರೋಗಿ ಸುಧಾರಿಸಿದ್ದು ಕಂಡಿತ್ತು. ಕೊನೆಗೆ 1,377 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಔಷಧ ಮಾತ್ರ ಕೊಟ್ಟು ವರ್ಷಗಟ್ಟಲೆ ನೋಡಿದರು. 1985ರಲ್ಲಿ ಬಂದ ಫಲಿತಾಂಶದ ಪ್ರಕಾರ ಆಪರೇಷನ್ ಆದವರಿಗೆ ಪಾರ್ಶ್ವವಾಯು ಕಡಿಮೆಯಾಗಿರಲಿಲ್ಲ. ಇನ್ನೂ ಚೆನ್ನಾಗಿ ಆರಿಸಿದ 195 ರೋಗಿಗಳಲ್ಲಿ 2011ರಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಲಾಭ ಕಾಣಲಿಲ್ಲ, ಮೊದಲ ತಿಂಗಳಿನ ಅಪಾಯವೇ ಹೆಚ್ಚಾಗಿತ್ತು.

ಮುಲುಂಡ್ ನಿವೃತ್ತ · ಭಾನುವಾರ, ಬೆಳಿಗ್ಗೆ 10.00

ಓದಿ ಎದೆ ಧಸಕ್ಕೆಂದಿತು. 1985ರಲ್ಲಿಯೇ ಉಪಯೋಗವಿಲ್ಲವೆಂದು ತಿಳಿದ ಆಪರೇಷನ್ನನ್ನು ನನ್ನ ತಮ್ಮನಿಗೆ ಏಕೆ ಮಾಡಿದರು? ಇನ್ನೊಂದು ಬದಿಗೆ ಮಾಡಿಸಬೇಕೇ ಬೇಡವೇ?

ಪರೇಲ್ ಓಟಿ · ಭಾನುವಾರ, ಬೆಳಿಗ್ಗೆ 10.35

ಗಾಬರಿಯಾಗಬೇಡಿ, ನಾನು ಅರ್ಧಕ್ಕೇ ನಿಲ್ಲಿಸಬಾರದಿತ್ತು. ಆ ಪರೀಕ್ಷೆಗಳಲ್ಲಿದ್ದವರು ಕೊಬ್ಬು ಕಟ್ಟಿ ನಾಳ ಮುಚ್ಚಿದವರು. ಮೊಯಾಮೊಯಾ ಬೇರೆಯೇ ರೋಗ. ಅದರಲ್ಲಿ ಮಿದುಳಿಗೆ ರಕ್ತ ಒಯ್ಯುವ ಮುಖ್ಯ ನಾಳವು ಬುರುಡೆಯೊಳಗೆ ಕವಲೊಡೆಯುವ ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಅದರ ಸುತ್ತ ತೆಳ್ಳನೆಯ ನಾಳಗಳ ಜಾಲ ಹುಟ್ಟಿಕೊಳ್ಳುತ್ತದೆ. ಆಂಜಿಯೋಗ್ರಾಮಿನಲ್ಲಿ ಅದು ಹೊಗೆಯ ಸುರುಳಿಯಂತೆ ಕಾಣುವುದರಿಂದ 1969ರಲ್ಲಿ ಜಪಾನಿನ ಸುಜುಕಿ ಮತ್ತು ತಕಾಕು ಈ ಹೆಸರನ್ನಿಟ್ಟರು. ಇಲ್ಲಿ ಕಿರಿದಾಗುವುದನ್ನು ತಡೆಯುವ ಔಷಧವಿಲ್ಲ, ಹೊರಗಿನಿಂದ ರಕ್ತ ತಂದುಕೊಡುವುದೇ ದಾರಿ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದ 80 ಮೊಯಾಮೊಯಾ ರೋಗಿಗಳನ್ನು ಜಪಾನಿನಲ್ಲಿ ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಬೈಪಾಸ್ ಆದವರಲ್ಲಿ ಮತ್ತೆ ರಕ್ತಸ್ರಾವವಾಗುವುದು ಕಡಿಮೆಯಿತ್ತು, ಆದರೆ ಆ ಅಂತರ ಕಾಕತಾಳೀಯವಲ್ಲ ಎಂದು ಹೇಳಬಹುದಾದ ಗಡಿಯಲ್ಲಷ್ಟೇ ಇತ್ತು ಎಂಬುದನ್ನೂ ಅವರೇ ಬರೆದಿದ್ದಾರೆ. ನಿಮ್ಮ ತಮ್ಮನವರಂತೆ ರಕ್ತ ಸಾಲದೆ ಕೈಕಾಲು ಸೋಲುವವರಿಗೆ ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ನಡೆದಿಲ್ಲ, ಆದರೆ ದಶಕಗಳ ಅನುಭವ ಒಂದೇ ದಿಕ್ಕಿಗೆ ಇದೆ.

ಬಲೂನಿನ ವಿಷಯಕ್ಕೂ ಕಾರಣವಿದೆ. ಜೋರಾಗಿ ಊದಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಗ ಮಿದುಳಿನ ನಾಳಗಳು ಸಂಕುಚಿಸುತ್ತವೆ. ಮೊದಲೇ ಕಡಿಮೆಯಿದ್ದ ರಕ್ತ ಇನ್ನಷ್ಟು ಕಡಿಮೆಯಾಗಿ ಕೈ ಸೋಲುತ್ತದೆ. ಇನ್ನೊಂದು ಬದಿಯ ನಿರ್ಧಾರವನ್ನು ಆ ಬದಿಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ಅಳೆದು ಅವರ ಸರ್ಜನರೇ ಹೇಳಬೇಕು. ಕನ್ನಡಕದ ಕಡ್ಡಿ ಆ ನಾಳವನ್ನು ಒತ್ತದಂತೆ ನೋಡಿಕೊಳ್ಳಲು ಹೇಳಿರುತ್ತಾರಲ್ಲವೇ, ಅದನ್ನು ಮರೆಯದಿರಲಿ.

ಠಾಣೆ ಯುವಕ · ಭಾನುವಾರ, ಮಧ್ಯಾಹ್ನ 1.15

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ಸ್ಟ್ಯಾನ್‌ಫರ್ಡಿನ ಗ್ಯಾರಿ ಸ್ಟೈನ್‌ಬರ್ಗ್ ಮೊಯಾಮೊಯಾ ಬೈಪಾಸಿಗೆ ಜಗತ್ತಿನಲ್ಲಿಯೇ ಹೆಸರಾದ ಸರ್ಜನ್. ಪಾರ್ಶ್ವವಾಯುವಾಗಿ ತಿಂಗಳುಗಳೋ ವರ್ಷಗಳೋ ಕಳೆದಿದ್ದ 18 ರೋಗಿಗಳ ಬುರುಡೆಗೆ ಚಿಕ್ಕ ರಂಧ್ರ ಕೊರೆದು ಆಕರಕೋಶಗಳನ್ನು ಇಳಿಸಿದ ಅಧ್ಯಯನವನ್ನು ಅವರೇ 2016ರಲ್ಲಿ ಪ್ರಕಟಿಸಿದರು, ಹಲವರು ಸುಧಾರಿಸಿದರು. ಅದೇ ಕೋಶಗಳಿಗೆ ಜಪಾನ್ 2024ರಲ್ಲಿ ಅನುಮತಿಯನ್ನೂ ಕೊಟ್ಟಿದೆ. ನಾಯಿಯ ಆಯುಷ್ಯ ಹತ್ತು ಹದಿಮೂರು ವರ್ಷ. ಪ್ರತಿಯೊಂದಕ್ಕೂ ಪರೀಕ್ಷೆಯ ಫಲಿತಾಂಶ ಬರಲಿ ಎಂದು ಕುಳಿತರೆ ಕರಿಯನ ಕಾಲವೇ ಮುಗಿದುಹೋಗುತ್ತದೆ. ಅಪಾಯವಿಲ್ಲದಿದ್ದರೆ ಪ್ರಯತ್ನಿಸುವುದರಲ್ಲಿ ತಪ್ಪೇನು?

ಪುಣೆ ಔಂಧ್, ಸೆಲ್ ಕಲ್ಚರ್ · ಭಾನುವಾರ, ಸಂಜೆ 4.40

ನಿಮ್ಮ ಕೊನೆಯ ಪ್ರಶ್ನೆ ನಿಜವಾದ ಪ್ರಶ್ನೆ, ಅದಕ್ಕೆ ಬರುತ್ತೇನೆ. ಮೊದಲು ಸಂಗತಿಗಳು. ಆ 18 ಜನರ ಅಧ್ಯಯನದಲ್ಲಿ ಹೋಲಿಸಿ ನೋಡಲು ಎರಡನೆಯ ಗುಂಪು ಇರಲಿಲ್ಲ. ಬಳಿಕ 163 ರೋಗಿಗಳಲ್ಲಿ, ಕೆಲವರಿಗೆ ಕೋಶಗಳನ್ನು ಇಳಿಸಿ, ಇನ್ನು ಕೆಲವರಿಗೆ ಇಳಿಸಿದಂತೆ ಮಾತ್ರ ಮಾಡಿ ನೋಡಿದಾಗ, ಮೊದಲೇ ನಿಗದಿಪಡಿಸಿದ್ದ ಗುರಿಯನ್ನು ಅದು ಮುಟ್ಟಲಿಲ್ಲ. ಇದು 2019ರಲ್ಲಿ ಹೊರಬಂದ ಸುದ್ದಿ. ಜಪಾನಿನ ಅನುಮತಿ ತಲೆಗೆ ಪೆಟ್ಟಾಗಿ ಬಂದ ದೌರ್ಬಲ್ಯಕ್ಕೆ, ಅದೂ ಷರತ್ತಿನ ಮೇಲೆ. ಪಾರ್ಶ್ವವಾಯುವಿಗೆ ಅಲ್ಲ.

ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆ ಪ್ರಾಮಾಣಿಕವಾಗಿ ನಡೆದಿದೆ ಎಂಬುದು ನನಗೆ ಹೆಮ್ಮೆಯ ವಿಷಯ. ಹೊಸದಾಗಿ ಪಾರ್ಶ್ವವಾಯುವಾದ 120 ರೋಗಿಗಳನ್ನು ಐದು ಆಸ್ಪತ್ರೆಗಳಲ್ಲಿ ಸೇರಿಸಿ, ಅರ್ಧದಷ್ಟು ಜನರಿಗೆ ಅವರದೇ ಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟರು. ದೆಹಲಿಯ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಫಲಿತಾಂಶ: ಹಾನಿ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯು ರಕ್ತದ ಕೆಲವು ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥದ್ದನ್ನು ಬಿಟ್ಟರೆ ಮನುಷ್ಯರಲ್ಲಿ ಉಳಿದ ಆಕರಕೋಶ ಬಳಕೆಯನ್ನೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದೊಳಗೆ ಮಾತ್ರ ನಡೆಸಬೇಕೆಂದು ಹೇಳುತ್ತದೆ. ಮುಲುಂಡ್‌ನವರ ತಮ್ಮನ ಹೆಂಡತಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಆ ಬದಿಗೆ ಸರ್ಜನರು ಆಪರೇಷನ್ ಬೇಕೆಂದರೆ, ಅದರ ಬದಲು ಹಣ ಪಡೆದು ಕೋಶ ಚುಚ್ಚುವವರ ಬಳಿ ಹೋಗುವುದರಿಂದ ಕಳೆದುಹೋಗುವುದು ಹಣ ಮಾತ್ರವಲ್ಲ, ಮಿದುಳು ಕಾಯಲಾರದ ಸಮಯವೂ.

ಇನ್ನು ಮುದಿ ನಾಯಿಗೆ ಕಾಯಲು ಸಮಯವಿಲ್ಲ ಎಂಬ ಮಾತು. ಅದು ನನ್ನನ್ನೂ ಕಾಡುತ್ತದೆ. ಆದರೆ ಕಾಯುವುದು ಮತ್ತು ಕುರುಡಾಗಿ ಚುಚ್ಚಿಸುವುದು, ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ ಎಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಬೆನ್ನುಹುರಿಗೆ ತೀವ್ರ ಪೆಟ್ಟಾಗಿ ಹಿಂಗಾಲು ಎಳೆಯುತ್ತಿದ್ದ 34 ಸಾಕುನಾಯಿಗಳನ್ನು, ಮನೆಯವರ ಒಪ್ಪಿಗೆಯಿಂದ, ಅವರು ಸೇರಿಸಿಕೊಂಡರು. ಯಾವುದನ್ನೂ ಪ್ರಯೋಗಕ್ಕೆಂದು ಗಾಯಗೊಳಿಸಿರಲಿಲ್ಲ, ಎಲ್ಲವೂ ಮೊದಲೇ ಹಿಂಗಾಲಿನ ಶಕ್ತಿ ಕಳೆದುಕೊಂಡಿದ್ದವು. 23ಕ್ಕೆ ಅವುಗಳದೇ ಮೂಗಿನ ಒಳಪದರದಿಂದ ಬೆಳೆಸಿದ ಕೋಶಗಳನ್ನು, 11ಕ್ಕೆ ಬರಿಯ ದ್ರವವನ್ನು ಚುಚ್ಚಿದರು. ಯಾವ ನಾಯಿಗೆ ಏನು ಸಿಕ್ಕಿದೆಯೆಂದು ಅಳೆಯುವವರಿಗೂ ಮನೆಯವರಿಗೂ ತಿಳಿದಿರಲಿಲ್ಲ. ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ಅಳೆದಾಗ, ಕೋಶ ಪಡೆದವುಗಳಲ್ಲಿ ಹಿಂಗಾಲು ಮುಂಗಾಲಿನೊಡನೆ ಹೊಂದಿ ನಡೆಯುವುದು ಹೆಚ್ಚಾಗಿತ್ತು. ಆದರೆ ಮಿದುಳಿನಿಂದ ಬರುವ ಆಜ್ಞೆ ಗಾಯವನ್ನು ದಾಟಿ ಹೋಗುತ್ತಿರಲಿಲ್ಲ, ಮೂತ್ರದ ಹಿಡಿತವೂ ಮರಳಲಿಲ್ಲ. 2012ರಲ್ಲಿ ಎರಡನ್ನೂ ಮುಚ್ಚಿಡದೆ ಬರೆದರು. ಲಾಭವನ್ನೂ ಮಿತಿಯನ್ನೂ ಹೀಗೆ ಅಳೆದು ಹೇಳುವವರಿಗೆ ನಾನು ನನ್ನ ನಾಯಿಯನ್ನು ಒಪ್ಪಿಸಲು ಸಿದ್ಧಳಿದ್ದೇನೆ.

ವಾಸ್ಕೋ ಶಿಕ್ಷಕಿ · ಭಾನುವಾರ, ರಾತ್ರಿ 8.10

ಮಧ್ಯಾಹ್ನ ಕುಳಿತು ಹಳೆಯ ಡೈರಿ ತೆಗೆದು ನೋಡಿದೆ. ಮೊದಲನೆಯ ಚುಚ್ಚುಮದ್ದಿನ ವಾರದಲ್ಲಿಯೇ ಡಾಕ್ಟರರು ನೋವಿನ ಮಾತ್ರೆಯನ್ನು ಬದಲಿಸಿದ್ದರು, ತುಪ್ಪ ಸವರಿದ ಪೊಯಿ, ಅಂದರೆ ನಮ್ಮ ಗೋವೆಯ ಬ್ರೆಡ್ಡು, ಕೊಡುವುದನ್ನು ನಿಲ್ಲಿಸಲು ಹೇಳಿದ್ದರು. ಮೂರು ತಿಂಗಳಲ್ಲಿ ರಾಣಿಯ ತೂಕ ನಾಲ್ಕು ಕಿಲೋ ಇಳಿದಿದೆ ಎಂದು ನನ್ನ ಕೈಬರಹದಲ್ಲಿಯೇ ಇದೆ. ಇದನ್ನು ಮರೆತೇಬಿಟ್ಟಿದ್ದೆ. ಆಕರಕೋಶದಿಂದಲೂ ಆಗಿರಬಹುದು ಎಂದು ಈಗಲೂ ನನ್ನ ಮನಸ್ಸು ಹೇಳುತ್ತದೆ, ಆದರೆ ಅದರಿಂದಲೇ ಆಯಿತೆಂದು ಬೇರೆಯವರಿಗೆ ಹೇಳಿ ಒಂದೂಕಾಲು ಲಕ್ಷ ಖರ್ಚು ಮಾಡಿಸುವುದು ಸರಿಯಲ್ಲ. ಪ್ರಾಮಾಣಿಕವಾಗಿ ಇದನ್ನು ಇಲ್ಲಿ ಬರೆಯಬೇಕೆನ್ನಿಸಿತು.

ಮಡಗಾಂವ್ ಪಶುವೈದ್ಯ · ಭಾನುವಾರ, ರಾತ್ರಿ 10.25

ಮೇಡಂ, ನಿಮ್ಮ ಡೈರಿಗೆ ನಾನು ಕೃತಜ್ಞ. ಮುಲುಂಡ್‌ನವರೇ, ನಾಲ್ಕು ಕಿಲೋ ಎಂಬ ಆ ಸಂಖ್ಯೆಯಲ್ಲಿ ಕರಿಯನಿಗೆ ಬೇಕಾದ ಉತ್ತರದ ದೊಡ್ಡ ಪಾಲು ಇದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು, ಅವುಗಳ ಬದುಕಿನುದ್ದಕ್ಕೂ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲು ಸವೆತದ ತೊಂದರೆಯೂ ಅವುಗಳಲ್ಲಿ ತಡವಾಗಿ ಬಂತು. ಇದರಷ್ಟು ಗಟ್ಟಿಯಾದ ಸಾಕ್ಷಿ ನನ್ನ ಔಷಧದ ಕಪಾಟಿನಲ್ಲಿರುವ ಎಷ್ಟೋ ಶೀಶೆಗಳಿಗಿಲ್ಲ.

ಒಂದೂಕಾಲು ಲಕ್ಷವನ್ನು ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇಡಿ. ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿದ್ದರೆ ನಾಯಿಗೆಂದೇ ಇರುವ ನೋವಿನ ಔಷಧವನ್ನು ನಿಮ್ಮ ವೈದ್ಯರು ಶುರುಮಾಡಲಿ. ಮನೆಯಲ್ಲಿರುವ ನಿಮ್ಮ ನೋವಿನ ಮಾತ್ರೆಯನ್ನು ಎಂದಿಗೂ ಕೊಡಬೇಡಿ, ಐಬುಪ್ರೊಫೆನ್‌ನಂಥದ್ದು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ. ಅವನು ಏಳುವ ಜಾಗದಲ್ಲಿ ಹಳೆಯ ರಬ್ಬರ್ ಮ್ಯಾಟ್ ಅಥವಾ ಗೋಣಿಚೀಲ ಹಾಸಿ, ಜಾರುವ ಟೈಲ್ಸಿನ ಮೇಲೆ ಆರೋಗ್ಯವಂತ ನಾಯಿಯೂ ಒದ್ದಾಡುತ್ತದೆ. ಇಂದೇ ಅವನ ನಡಿಗೆಯನ್ನು ಪಕ್ಕದಿಂದ ಮತ್ತು ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಮಾಡಿ.

ಶಸ್ತ್ರಚಿಕಿತ್ಸೆಯ ಸಲಹೆಗೆ ಈಗ ವಿದೇಶಕ್ಕೆ ಹೋಗಬೇಕಾಗಿಲ್ಲ. ರತನ್ ಟಾಟಾ ಅವರು ತಮ್ಮ ನಾಯಿಯ ಕೀಲಿನ ಚಿಕಿತ್ಸೆಗಾಗಿ ಮಿನ್ನೆಸೋಟಾದವರೆಗೆ ಹೋಗಬೇಕಾಗಿ ಬಂದ ಅನುಭವವನ್ನು ಹೇಳಿಕೊಂಡಿದ್ದರು. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಆರಂಭವಾದ ಚಿಕ್ಕ ಪ್ರಾಣಿಗಳ ಆಸ್ಪತ್ರೆಯ ಹಿಂದೆ ಆ ಅನುಭವವಿದೆ. ಪರೇಲ್‌ನ ನಮ್ಮ ಹಳೆಯ ಕಾಲೇಜಂತೂ 1886ರಿಂದ ಇದೆ. ಎಲ್ಲಿಯಾದರೂ ಮೂಳೆಯ ತಜ್ಞರೊಬ್ಬರ ಎರಡನೆಯ ಅಭಿಪ್ರಾಯ ಪಡೆಯಿರಿ. ಮುಂದೆ ಹೋಲಿಕೆಯ ಗುಂಪಿಟ್ಟು ಆಕರಕೋಶದ ಅಧ್ಯಯನ ನಡೆಸುವವರು ಸಿಕ್ಕರೆ, ಆಗ ಕರಿಯನನ್ನು ಸೇರಿಸಲು ನಾನೇ ಶಿಫಾರಸು ಮಾಡುತ್ತೇನೆ.

ಮುಲುಂಡ್ ನಿವೃತ್ತ · ಮುಂದಿನ ಭಾನುವಾರ, ಬೆಳಿಗ್ಗೆ 8.05

ಎಲ್ಲರಿಗೂ ಉತ್ತರಿಸಲು ಒಂದು ವಾರ ತಡವಾಯಿತು, ಕ್ಷಮಿಸಿ. ಚಿಕಿತ್ಸಾಲಯಕ್ಕೆ ಹೋಗಿ ಔಂಧ್‌ನವರು ಹೇಳಿಕೊಟ್ಟ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಟ್ಟೆ. ಕೋಶಗಳು ಬೇರೆ ನಾಯಿಯವು ಎಂದಷ್ಟೇ ಬಾಯಲ್ಲಿ ಹೇಳಿದರು, ಎಷ್ಟು ಜೀವಂತ ಇರುತ್ತವೆ ಎಂಬುದಕ್ಕೂ ಸೋಂಕಿನ ವರದಿಗೂ ಉತ್ತರ ಬರಲಿಲ್ಲ. ನಾನು ಹಣ ಕಟ್ಟಲಿಲ್ಲ.

ಕರಿಯನ ರಕ್ತಪರೀಕ್ಷೆ ಸರಿಯಿದೆ, ಔಷಧ ಶುರುವಾಗಿ ಐದು ದಿನ. ಊಟದಲ್ಲಿ ಒಂದು ಚಪಾತಿ ಮತ್ತು ಸಂಜೆಯ ಬಿಸ್ಕತ್ತು ನಿಂತಿವೆ. ಮಹಾಲಕ್ಷ್ಮಿಯಲ್ಲಿ ಮುಂದಿನ ಗುರುವಾರಕ್ಕೆ ಸಮಯ ಸಿಕ್ಕಿದೆ. ಎರಡು ವಿಡಿಯೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ, ನಡಿಗೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ, ಕಂಡಿಲ್ಲವೆಂದೇ ಬರೆದಿಟ್ಟಿದ್ದೇನೆ. ಗೋಣಿಚೀಲದ ಮೇಲೆ ಮಾತ್ರ ಮೂರು ದಿನ ಟವೆಲಿಲ್ಲದೆ ಎದ್ದಿದ್ದಾನೆ.

ತಮ್ಮನ ಸರ್ಜನರು ಬಲಬದಿಯನ್ನು ನೋಡಿದಂತೆಯೇ ಎಡಬದಿಯ ರಕ್ತದ ಹರಿವನ್ನೂ ಅಳೆಯುವ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ, ಅದರ ವರದಿ ಬಂದ ಮೇಲೆ ನಿರ್ಧಾರ. ಅವನ ಹೆಂಡತಿ ಈ ಚರ್ಚೆಯನ್ನು ಪೂರ್ತಿ ಓದಿದಳು, ಕರಪತ್ರವನ್ನು ಹಿಂದಿರುಗಿಸಿದ್ದಾಳೆ. ನಿನ್ನೆ ಸಂಜೆ ಅವರಿಬ್ಬರೂ ಮನೆಗೆ ಬಂದಿದ್ದರು. ಜೋಡಿಸಿದ ನಾಳಕ್ಕೆ ಒತ್ತದಂತೆ ಒಂದು ಕಡೆಯ ಕಡ್ಡಿಯನ್ನು ಹೊರಕ್ಕೆ ಬಗ್ಗಿಸಿಕೊಂಡ ಕನ್ನಡಕ ಹಾಕಿಕೊಂಡು ತಮ್ಮ ನೆಲದ ಮೇಲೆ ಕುಳಿತಿದ್ದ, ಕರಿಯ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಪರೇಲ್‌ನವರು ಬರೆದಿದ್ದ ವರ್ಮಾಂಟಿನ ನಾಯಿಗಳ ಸಂಗತಿಯನ್ನು ನಾನು ಓದಿ ಹೇಳಿದೆ. ತಮ್ಮ ಏನೂ ಮಾತಾಡಲಿಲ್ಲ. ಒಂದು ಕೈಯ ಬೆರಳನ್ನು ಕಿವಿಯ ಮುಂದೆ, ಆ ನಾಳ ಮಿಡಿಯುವ ಜಾಗದಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ಬಹಳ ಹೊತ್ತು ಕರಿಯನ ಸೊಂಟವನ್ನು ನೀವುತ್ತಿದ್ದ.